ಅತ್ತೆಯ ಬಿಕ್ನಾಸಿಗಳು

ನಮ್ಮ ಸೋದರತ್ತೆ, ಅಂದರೆ ನನ್ನ ಅಪ್ಪನ ಅಕ್ಕ, ಬುದ್ಧಿ ಬಂದಾಗಿನಿಂದ ಇವತ್ತಿನವರೆಗೆ ಒಂದೇ ಒಂದು ಒಳ್ಳೆಯ ವಸ್ತುವನ್ನೂ ದುಡ್ಡು ಕೊಟ್ಟು ಮನೆಗೆ ತಂದವಳಲ್ಲ. ಹೀಗೆಂದ ಕೂಡಲೇ ಅವಳನ್ನು ಜಿಪುಣಿ ಎಂದುಕೊಂಡಿರಿ, ಅಲ್ಲವೇ? ಎಲ್ಲರೂ ಮೊದಲು ಹಾಗೇ ಅಂದುಕೊಳ್ಳುತ್ತಾರೆ. ಜಿಪುಣಿಯಾಗಿದ್ದರೆ ನಮ್ಮ ಪಾಡು ಎಷ್ಟೋ ವಾಸಿಯಿತ್ತು. ಜಿಪುಣರ ಮನೆಯಲ್ಲಿ ಕಾಲು ಚಾಚಲು ಜಾಗವಾದರೂ ಇರುತ್ತದೆ.

ಅತ್ತೆ ಚೌಕಾಸಿ ಮಾಡುವವಳೇ ಅಲ್ಲ. ವ್ಯಾಪಾರಿ ಕೇಳಿದಷ್ಟನ್ನು ಎಣಿಸದೆ ಕೊಟ್ಟು, ಮೇಲೆ ಅವನ ಮೊಣಕಾಲು ನೋವನ್ನೂ ವಿಚಾರಿಸಿ, ಆ ಸಂತೆಯಲ್ಲಿ ಯಾರಿಗೂ ಬೇಡವಾದದ್ದನ್ನೇ ಹುಡುಕಿ ತರುತ್ತಾಳೆ. ಊರಿನ ಹೆಂಗಸರೆಲ್ಲ ಬೆಳಗ್ಗೆ ಸಂತೆಗೆ ಹೊರಟರೆ ಇವಳು ಹೊರಡುವುದು ಅವರೆಲ್ಲ ಚೀಲ ತುಂಬಿಕೊಂಡು ವಾಪಸು ಬರುವ ಹೊತ್ತಿಗೆ. ವ್ಯಾಪಾರಿಗಳು ಟಾರ್ಪಾಲು ಮಡಚುತ್ತಿರುವಾಗ ಹೋಗಿ, ಮೂಲೆಯಲ್ಲಿ ಉಳಿದದ್ದನ್ನು ಬೆರಳಿಟ್ಟು ತೋರಿಸಿ, "ಇದ್ಯಾಕೆ ಉಳ್ಕೊಂಡೈತೆ?" ಎಂದು ಕೇಳುತ್ತಾಳೆ. ತಮಿಳಿನವರಿಗೆ ತಮಿಳಿನಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ. ವ್ಯಾಪಾರಿ ಕಾರಣ ಹೇಳಿದನೋ, ಮುಗಿಯಿತು. ಆ ವಸ್ತುವಿಗೆ ಅತ್ತೆಯ ಮನೆಯ ಋಣ ಬಿತ್ತು ಅಂತಲೇ ಲೆಕ್ಕ.

ನನ್ನ ಬೈಕಿನ ಹಿಂದಿನ ಸೀಟಿಗೂ ಋಣ ಬಿತ್ತು. ಅತ್ತೆಯ ಊರು ಸಾನಮಾವು ಕಾಡಿನ ಅಂಚಿನಲ್ಲಿದೆ, ನಾನು ಇರುವುದು ಹೊಸೂರಿನಲ್ಲಿ. ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಚಪ್ಪಲಿ ಬಿಡುತ್ತಿರುವಾಗ ಫೋನು ಬರುತ್ತದೆ. "ಒಂದು ಸಣ್ಣ ಸಾಮಾನು ಐತೆ ಕಣ್ಲಾ, ಬಸ್ಸಿನೋನು ಹತ್ತಿಸ್ಕೊಳ್ಳಲ್ಲ ಅಂತವ್ನೆ" ಎನ್ನುತ್ತಾಳೆ. ಬಸ್ಸಿನವನು ಹತ್ತಿಸಿಕೊಳ್ಳದ ಸಾಮಾನು ಎಷ್ಟು ಸಣ್ಣದಿರಬಹುದು, ನೀವೇ ಯೋಚಿಸಿ. ನಾನು ಯೋಚಿಸುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು ಹೊರಡುತ್ತೇನೆ.

ಇಂಥ ವಸ್ತುಗಳಿಗೆ ಅತ್ತೆ ಇಟ್ಟ ಹೆಸರು ಬಿಕ್ನಾಸಿ. ನಮ್ಮ ಕಡೆ, ಬೆಂಗಳೂರು ಕಡೆ, ಎಲ್ಲ ಕಡೆಯೂ ಅದೊಂದು ಬೈಗುಳ. ಕೆಲಸಕ್ಕೆ ಬಾರದವನನ್ನು, ಕೊಟ್ಟ ಮಾತಿಗೆ ನಿಲ್ಲದವನನ್ನು, ಪಂಕ್ತಿಯಲ್ಲಿ ಮೂರನೇ ಸಲ ಪಾಯಸ ಕೇಳುವವನನ್ನು ಜನ ಹಾಗೆ ಬೈಯುತ್ತಾರೆ. ಅತ್ತೆ ಮಾತ್ರ ಅದನ್ನು ಬಂಗಾರದ ಒಡವೆಯ ಹೆಸರು ಹೇಳಿದ ಹಾಗೆ ಹೇಳುತ್ತಾಳೆ. ನನ್ನ ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಅವಳ ಮನೆಗೆ ಕರೆದುಕೊಂಡು ಹೋಗಿದ್ದೆ. ಅತ್ತೆ ಕುಂಕುಮವಿಟ್ಟು, ಒಂದು ಸೀರೆಯನ್ನು ಮಡಿಲಿಗೆ ಹಾಕಿ, "ಬಿಕ್ನಾಸಿ ಸೀರೆ ಕಣವ್ವ, ಚೆನ್ನಾಗಿ ಉಟ್ಕೊ" ಎಂದು ಹರಸಿದಳು. ನನ್ನ ಹೆಂಡತಿ ಬೆಂಗಳೂರಿನ ಕಡೆಯವಳು. ಸೀರೆ ಕಿತ್ತಳೆ ಬಣ್ಣದ್ದು, ಅದರ ಮೇಲೆ ಅಂಗೈಯಗಲದ ಹಸಿರು ಹಲ್ಲಿಗಳು. ಬಳ್ಳಿ ನೇಯಲು ಹೋಗಿ ಹಲ್ಲಿಯಾಗಿದ್ದವಂತೆ. ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಕಡೆಗೆ ತಿರುಗಿ ಕೂತವಳು ಹೊಸೂರು ಬರುವವರೆಗೆ ಈ ಕಡೆ ತಿರುಗಲಿಲ್ಲ. ಬೈದದ್ದು ಯಾರಿಗೆ, ಸೀರೆಗೋ ತನಗೋ ಎಂಬುದು ಅವಳ ಒಂದೇ ಪ್ರಶ್ನೆಯಾಗಿತ್ತು.

ಆ ಪ್ರಶ್ನೆಯನ್ನು ನಾನು ಅತ್ತೆಗೆ ಮುಟ್ಟಿಸಿದೆ. ಅವಳಿಗೆ ಆಶ್ಚರ್ಯ. ಬಿಕರಿಯಾಗದೆ ನಾಶವಾಗುವುದೇ ಬಿಕ್ನಾಸಿ, ಅದರಲ್ಲಿ ಬೈಗುಳ ಎಲ್ಲಿದೆ ಎಂದಳು. ಆಮೇಲೆ ಗೊತ್ತಾದದ್ದು ಏನೆಂದರೆ, ಬಿಕ್ನಾಸಿ ಎನಿಸಿಕೊಳ್ಳುವುದು ಅಷ್ಟು ಸುಲಭವಲ್ಲ. ಒಡೆದು ಹೋದದ್ದು ಬಿಕ್ನಾಸಿಯಲ್ಲ, ಅದು ಗುಜರಿ. ಕೊಳೆತದ್ದು ತಿಪ್ಪೆಗೆ ಸೇರಿದ್ದು. ಮಾರಲು ಮನಸ್ಸಿಲ್ಲದೆ ಮನೆಯಲ್ಲೇ ಇಟ್ಟುಕೊಂಡದ್ದೂ ಬಿಕ್ನಾಸಿಯಲ್ಲ. ಬಿಕ್ನಾಸಿಯಾಗಬೇಕಾದರೆ ಒಂದು ವಸ್ತು ಗಟ್ಟಿಯಾಗಿ ತಯಾರಾಗಿ, ಸಂತೆಗೆ ಹೋಗಿ, ಬೆಳಗಿನಿಂದ ಸಂಜೆಯವರೆಗೆ ಕಂಡಕಂಡವರ ಮುಖ ನೋಡಿ, ಯಾರೂ ಕೈಗೆತ್ತಿಕೊಳ್ಳದೆ ಉಳಿಯಬೇಕು. ತಮಿಳಿನವರು ಇದಕ್ಕೆ 'ವಿಲೈ ಪೋಗಾದದು' ಅಂತಾರೆ, ತೆಲುಗಿನವರು 'ಅಮ್ಮುಡು ಪೋನಿದಿ' ಅಂತಾರೆ, ಪಾಪ ಅವರಿಗೆಲ್ಲ ಎರಡೆರಡು ಮಾತು ಬೇಕು, ನಮಗೆ ಒಂದೇ ಸಾಕು ಎಂದು ಅತ್ತೆ ಹೆಮ್ಮೆಪಟ್ಟಳು.

ಅವಳ ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಮೇಷ್ಟರಿದ್ದಾರೆ. ಆ ಮಾತು ಭಿಕ್ಷೆಯಿಂದ ಬಂದದ್ದು, ಬಿಕರಿಗೂ ಅದಕ್ಕೂ ಸಂಬಂಧವಿಲ್ಲ ಎಂಬುದು ಅವರ ವಾದ. ಭಿಕ್ಷೆಯಾದರೆ ಸಂತೆ ಯಾಕೆ ಬೇಕು ಎಂಬುದು ಅತ್ತೆಯ ವಾದ. ಇಬ್ಬರೂ ಬೇಲಿಯ ಆಚೆಗೊಬ್ಬರು ಈಚೆಗೊಬ್ಬರು ನಿಂತು ವರ್ಷಗಟ್ಟಲೆ ಇದನ್ನೇ ಮಾತಾಡಿದ್ದಾರೆ. ಯಾರು ಸರಿ ಎಂದು ನನ್ನನ್ನು ಕೇಳಬೇಡಿ. ನಾನು ಆಗ ಬೈಕಿನಿಂದ ಯಾವುದೋ ಸಾಮಾನಿನ ಹಗ್ಗ ಬಿಚ್ಚುತ್ತಿರುತ್ತೇನೆ.

ಆ ಸಾಮಾನುಗಳಲ್ಲಿ ಒಂದೆರಡರ ಕಥೆ ಹೇಳಿಬಿಡುತ್ತೇನೆ. ಪಾತ್ರೆ ಅಂಗಡಿಯೊಂದರಲ್ಲಿ ದೊಡ್ಡ ಹಿತ್ತಾಳೆಯ ಕೊಳಗ ಉಳಿದುಹೋಗಿತ್ತು. ಮದುವೆಗೆಂದು ಯಾರೋ ಮಾಡಿಸಿದ್ದು. ಅದರ ಕಂಠದ ಸುತ್ತ ಗಂಡಿನ ಹೆಸರು, ಹೆಣ್ಣಿನ ಹೆಸರು, ಮಧ್ಯೆ ಎರಡು ಹಂಸ ಕೊರೆದಿದ್ದರು. ಮದುವೆ ಏನಾಯಿತೋ, ಕೊಳಗ ಒಯ್ಯಲು ಯಾರೂ ಬರಲಿಲ್ಲ. ಬೇರೆಯವರ ಹೆಸರು ಇರುವ ಪಾತ್ರೆಯನ್ನು ಯಾರು ಕೊಳ್ಳುತ್ತಾರೆ? ಅತ್ತೆ ಕೊಂಡಳು. ಅಂಗಡಿಯವನು ಹೆಸರು ಉಜ್ಜಿ ಅಳಿಸಿಕೊಡುತ್ತೇನೆ ಎಂದರೆ ಬೇಡ ಎಂದಳಂತೆ. ಬರೆದದ್ದನ್ನು ಅಳಿಸುವುದು ಅಪಶಕುನ, ಆ ಇಬ್ಬರೂ ಎಲ್ಲಿದ್ದರೂ ಸುಖವಾಗಿರಲಿ ಅಂತ.

ಅಲ್ಲಿಂದ ಶುರುವಾಯಿತು. ನಮ್ಮ ಮನೆತನದಲ್ಲಿ ಯಾವ ಕಾರ್ಯ ನಡೆದರೂ ಸಾರು ಕುದಿಯುವುದು ಆ ಕೊಳಗದಲ್ಲಿ. ಬಂದ ನೆಂಟರೆಲ್ಲ ಅದರ ಮೇಲಿನ ಹೆಸರು ಓದಿ, ಇವರು ಯಾರು ಎಂದು ಕೇಳುವವರೇ. ಮೊದಮೊದಲು ಮಾವ, ಅಂದರೆ ಅತ್ತೆಯ ಗಂಡ, ಇದ್ದ ವಿಷಯ ಇದ್ದ ಹಾಗೆ ಹೇಳುತ್ತಿದ್ದರು. ಹೇಳಿ ಹೇಳಿ ಸುಸ್ತಾಗಿ, ಒಂದು ದಿನ "ದೂರದ ನೆಂಟರು" ಎಂದುಬಿಟ್ಟರು. ಅದೇ ತಪ್ಪಾಯಿತು. ನೆಂಟರೆಂದ ಮೇಲೆ ಬಿಡುತ್ತಾರೆಯೇ? ಯಾವೂರು, ಮಕ್ಕಳೆಷ್ಟು, ಈ ಕಾರ್ಯಕ್ಕೆ ಯಾಕೆ ಬರಲಿಲ್ಲ? ಮಾವ ಕೊಳಗದ ಮೇಲಿನ ಆ ಇಬ್ಬರನ್ನು ಮಾತಿನಲ್ಲೇ ಅಂಚೆಟ್ಟಿಯ ಕಾಡಿನ ಕಡೆಗೆ ಕಳಿಸಿದರು, ಬಸ್ಸು ಸರಿಯಾಗಿಲ್ಲದ್ದರಿಂದ ಬರಲಾಗುವುದಿಲ್ಲ ಎಂದರು. ನನ್ನ ಮಗಳ ನಾಮಕರಣದ ದಿನ ದೂರದ ಅಜ್ಜಿಯೊಬ್ಬರು ಹೊರಡುವಾಗ ನನ್ನ ಕೈಗೆ ಎರಡು ತಾಂಬೂಲದ ಚೀಲ ಕೊಟ್ಟು, ಅಂಚೆಟ್ಟಿಯವರಿಗೆ ಮುಟ್ಟಿಸು, ಅವಳಿಗೆ ಈಗ ಮೈಯಲ್ಲಿ ಹುಷಾರಿಲ್ಲ ಎಂದು ಕೇಳಿದೆ ಎಂದರು. ಯಾರಿಂದ ಕೇಳಿದರೋ! ನಾನು ಆ ಚೀಲಗಳನ್ನು ಹಿಡಿದುಕೊಂಡು, ಇಲ್ಲದ ಹೆಂಗಸಿನ ಆರೋಗ್ಯಕ್ಕಾಗಿ ಸ್ವಲ್ಪ ಹೊತ್ತು ನಿಜವಾಗಿಯೂ ಕಳವಳಪಟ್ಟೆ. ಆಯಾಸದಲ್ಲಿ ಮನುಷ್ಯನಿಗೆ ಏನೇನೋ ಆಗುತ್ತದೆ.

ಅದಾದ ಮೇಲೆ ದೃಷ್ಟಿಬೊಂಬೆ ಬಂತು. ಹೊಸ ಕಟ್ಟಡಗಳ ಮುಂದೆ ಕಟ್ಟುತ್ತಾರಲ್ಲ, ಕೋರೆಹಲ್ಲು, ಕೆಂಪು ಕಣ್ಣು, ಗಿರಿಜಾ ಮೀಸೆಯ ರಾಕ್ಷಸನ ಮುಖ, ಅದು. ರಸ್ತೆ ಬದಿಯಲ್ಲಿ ಸಾಲಾಗಿ ಇಟ್ಟು ಮಾರುತ್ತಾರೆ. ಆ ಸಾಲಿನಲ್ಲಿ ಒಂದು ಬೊಂಬೆ ಮಾತ್ರ ಉಳಿದಿತ್ತು. ಬಣ್ಣ ಬಳಿದವನ ಮನಸ್ಸು ಅಂದು ಎಲ್ಲಿತ್ತೋ, ರಾಕ್ಷಸನ ಮುಖದಲ್ಲಿ ಅಪಾರ ಕರುಣೆ ಬಂದುಬಿಟ್ಟಿತ್ತು. ಕೋರೆಹಲ್ಲು ಇದ್ದರೂ ನಗುತ್ತಿರುವಂತೆ, ಊಟ ಆಯ್ತಾ ಎಂದು ಕೇಳುತ್ತಿರುವಂತೆ ಕಾಣುತ್ತಿತ್ತು. ಅದನ್ನು ಬೈಕಿನ ಹಿಂದೆ ಕಟ್ಟಿಕೊಂಡು ರಾಯಕೋಟೆ ರಸ್ತೆಯಲ್ಲಿ ಹೋಗುವಾಗ ನನ್ನ ಹಿಂದೆ ಬಂದ ಲಾರಿಯವರು, ಬಸ್ಸಿನವರು ಯಾರೂ ಹಾರನ್ ಹೊಡೆಯಲಿಲ್ಲ. ಒಬ್ಬಿಬ್ಬರು ಬೊಂಬೆಗೆ ಕೈಬೀಸಿ ಹೋದರು. ಅಡ್ಡಗಟ್ಟಿದ ಪೊಲೀಸಿನವನೂ ಲೈಸೆನ್ಸು ಕೇಳುವುದನ್ನು ಬಿಟ್ಟು, ಅದು ಥೇಟ್ ತನ್ನ ಮಾವನ ಹಾಗೇ ಇದೆ ಎಂದು ತಮಿಳಿನಲ್ಲಿ ಹೇಳಿ, ಬೊಂಬೆಯ ಕೆನ್ನೆ ಸವರಿ ಕಳಿಸಿದ.

ಅತ್ತೆ ಅದನ್ನು ಬಾಗಿಲ ಮೇಲೆ ಕಟ್ಟಿಸಿದಳು. ಕೆಟ್ಟ ಕಣ್ಣನ್ನು ಓಡಿಸಬೇಕಾದ ಬೊಂಬೆ ದಾರಿಹೋಕರನ್ನು ಕರೆಯತೊಡಗಿತು. ಹಾಲಿನ ಡೈರಿಗೆ ಹೋಗುವವರು, ಆನೆ ಕಾಯುವ ಅರಣ್ಯ ಇಲಾಖೆಯವರು, ಮಲ್ಲಿಗೆ ಮಾರುವವಳು, ಎಲ್ಲರೂ ಆ ಮುಖ ನೋಡಿ ಒಂದು ಗಳಿಗೆ ನಿಂತು, ನಿಂತ ಮೇಲೆ ಕೂತು, ಕೂತ ಮೇಲೆ ಕಾಫಿ ಕುಡಿದು ಹೋಗುವುದಾಯಿತು. ಮಾವ ಕಾಫಿಪುಡಿ ತಂದು ತಂದು ಸೋತರು. ಬೊಂಬೆಯನ್ನು ಗೋಡೆಯ ಕಡೆ ತಿರುಗಿಸಿ ಕಟ್ಟಿದರೆ ಹೇಗೆ ಎಂದು ನನ್ನ ಹತ್ತಿರ ಮೆಲ್ಲಗೆ ಕೇಳಿದರು. ಅತ್ತೆಗೆ ಕೇಳಿಸಿತು. "ಸಂತೇಲಿ ಎಲ್ಲ ಮುಖ ತಿರುಗಿಸಿದ್ದು ಸಾಲ್ದಾ?" ಎಂದಳು. ಮಾವ ಕಾಫಿಪುಡಿ ತರಲು ಹೊರಟರು.

ಬಿಕ್ನಾಸಿಗಳ ಮೇಲೆ ಅವಳಿಗೆ ಎಷ್ಟು ನಂಬಿಕೆಯೆಂದರೆ ಒಂದು ಸಲ ಮೂಟೆಗಟ್ಟಲೆ ಕಹಿ ಸೌತೆಕಾಯಿ ಕೊಂಡು ಹಿತ್ತಲಲ್ಲಿ ಸುರಿಸಿದ್ದಳು. ನಾವು ತಿನ್ನಲಾಗಲಿಲ್ಲ, ಎಮ್ಮೆ ಮೂಸಿ ಬಿಟ್ಟಿತು. ಕಾಡಿಂದ ಆನೆ ಬಂದರೆ ತಿಂದುಕೊಂಡು ಹೋಗುತ್ತದೆ, ಅದಕ್ಕೇನು ರುಚಿ ಗೊತ್ತು ಎಂದು ಸಮಾಧಾನ ಮಾಡಿಕೊಂಡಳು. ಆನೆ ಬಂತು ಕೂಡ. ಬೆಳಗಿನ ಜಾವ ಬಂದು ಬಾಳೆಗಿಡಗಳನ್ನು ಬುಡಸಮೇತ ತಿಂದು, ಮೇಷ್ಟರ ಮನೆಯ ಹಲಸಿನಕಾಯಿ ತಿಂದು, ಸೌತೆಕಾಯಿ ರಾಶಿಯ ಪಕ್ಕದಿಂದ ಬಳಸಿ ಹೋಯಿತು. ತುಳಿಯಲೂ ಇಲ್ಲ. ಮೇಷ್ಟರು ಬೇಲಿಯಾಚೆಯಿಂದ ರಾಶಿಯನ್ನು ಒಮ್ಮೆ ನೋಡಿ ಒಳಗೆ ಹೋದರು. ಬಾಳೆ ಹೋದದ್ದಕ್ಕೆ ಅತ್ತೆಗೆ ಬೇಸರವಾಗಲಿಲ್ಲ. ಆನೆಗೂ ಬೇಡವಾಯಿತಲ್ಲ ಎಂದು ವಾರವೆಲ್ಲ ಸಪ್ಪಗಿದ್ದಳು.

ನಾನು ಮಾಡುವ ಕೆಲಸದ ಬಗ್ಗೆ ಅವಳಿಗೆ ಮೊದಲಿನಿಂದಲೂ ಒಳ್ಳೆಯ ಅಭಿಪ್ರಾಯವಿರಲಿಲ್ಲ. ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ನಾನು ತಪಾಸಣೆ ವಿಭಾಗದಲ್ಲಿದ್ದೆ. ತಯಾರಾದ ಭಾಗಗಳನ್ನು ಅಳೆದು ನೋಡಿ, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಬಣ್ಣ ಹಚ್ಚಿ ಪಕ್ಕಕ್ಕೆ ಹಾಕುವುದು. ನಮ್ಮ ಭಾಷೆಯಲ್ಲಿ ರಿಜೆಕ್ಷನ್. ದಿನವೆಲ್ಲ ಅದೇ ಕೆಲಸವೇ ಎಂದು ಅತ್ತೆ ಒಮ್ಮೆ ಕೇಳಿದ್ದಳು. ಹೌದೆಂದೆ. "ಬ್ಯಾಡ ಅನ್ನೋಕೂ ಸಂಬಳ ಕೊಡ್ತಾರಾ?" ಎಂದು ಮಾವನ ಕಡೆ ತಿರುಗಿದಳು. ಮಾವ ನನ್ನನ್ನು ನೋಡಿದ ನೋಟದಲ್ಲಿ ಸ್ವಲ್ಪ ಹೊಟ್ಟೆಕಿಚ್ಚು ಇತ್ತು ಎಂದು ನನ್ನ ಅನುಮಾನ.

ಹೋದ ವರ್ಷ ಆ ಸಂಬಳ ನಿಂತಿತು. ತಪಾಸಣೆಗೆ ಕ್ಯಾಮೆರಾ ಇರುವ ಯಂತ್ರ ಬಂತು. ಅದಕ್ಕೆ ಪಾಳಿಯಿಲ್ಲ, ಟೀ ಬಿಡುವಿಲ್ಲ, ಸಂತೆಯಿಂದ ಫೋನು ಮಾಡುವ ಅತ್ತೆಯೂ ಇಲ್ಲ. ನಮ್ಮ ವಿಭಾಗದಲ್ಲಿ ವಯಸ್ಸಾದವರನ್ನೆಲ್ಲ ಕರೆದು, ಮರ್ಯಾದೆಯಿಂದಲೇ ಮಾತಾಡಿ, ಶಾಲು ಹೊದಿಸಿ ಕಳಿಸಿದರು. ನನ್ನನ್ನು ವಯಸ್ಸಾದವರ ಜೊತೆ ನಿಲ್ಲಿಸಿದ್ದು ನನಗೆ ಅಲ್ಲಿಯೇ ಗೊತ್ತಾದದ್ದು. ಮನೆಗೆ ಬಂದು ಕನ್ನಡಿ ನೋಡಿದೆ. ಅವರ ತಪಾಸಣೆಯಲ್ಲಿ ತಪ್ಪಿರಲಿಲ್ಲ.

ಬೇರೆ ಕೆಲಸ ಹುಡುಕಿದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಇಂಡಸ್ಟ್ರಿಯಲ್ ಎಸ್ಟೇಟಿನ ಗೇಟುಗಳ ಮುಂದೆ ನಿಂತೆ. ಒಳಗೆ ಕರೆದು ನೀರು ಕೊಟ್ಟವರಿದ್ದಾರೆ. ನನ್ನ ಮಗಳಿಗಿಂತ ಒಂದಿಷ್ಟು ದೊಡ್ಡವರಿರಬಹುದಾದ ಹುಡುಗರು ಕಂಪ್ಯೂಟರಿನಿಂದ ಕಣ್ಣೆತ್ತಿ, ನನ್ನ ಅನುಭವ ಕೇಳಿ ತಲೆದೂಗಿ, ವಯಸ್ಸು ಕೇಳಿ ತಲೆದೂಗುವುದನ್ನು ನಿಲ್ಲಿಸುತ್ತಿದ್ದರು. ಫೋನು ಮಾಡುತ್ತೇವೆ ಸಾರ್ ಎನ್ನುತ್ತಿದ್ದರು. ಸಂಜೆ ಮನೆಗೆ ಬಂದರೆ ಹೆಂಡತಿ ಏನಾಯಿತು ಎಂದು ಕೇಳುವುದನ್ನೂ ಬಿಟ್ಟಳು. ನಾನು ಟಿವಿ ಹಾಕಿಕೊಂಡು, ಅದನ್ನು ನೋಡದೆ ಕೂತಿರುತ್ತಿದ್ದೆ.

ಅತ್ತೆಗೆ ಹೇಳಿರಲಿಲ್ಲ. ಹೆಂಡತಿ ಯಾವಾಗಲೋ ಫೋನಿನಲ್ಲಿ ಹೇಳಿದ್ದಾಳೆ. ಒಂದು ದಿನ ಅತ್ತೆಯ ಕರೆ ಬಂತು, ನಾಳೆ ಬೆಳಗ್ಗೆ ಬಾ ಎಂದಳು. ಏನು ಹೊರಬೇಕೋ ಎಂದು ಹಗ್ಗ ಸುತ್ತಿಕೊಂಡು ಹೋದೆ. ನೋಡಿದರೆ ಹೊರುವಂಥದ್ದು ಏನೂ ಇರಲಿಲ್ಲ. ಕೂರಿಸಿ ಮುದ್ದೆ ಬಡಿಸಿದಳು, ಎದುರಿಗೆ ಕೂತು ನಾನು ಉಣ್ಣುವುದನ್ನು ನೋಡಿದಳು. ಕೆಲಸದ ಮಾತೇ ಎತ್ತಲಿಲ್ಲ. ನಗಿಸಿದರೆ ಹಗುರಾಗುತ್ತದೆ ಎಂದುಕೊಂಡು ನಾನೇ ಶುರು ಮಾಡಿದೆ.

"ಅತ್ತೆ, ನಿನ್ನ ಮನೆಗೆ ಇನ್ನೊಂದು ಬಿಕ್ನಾಸಿ ಬಂದೈತೆ ನೋಡು. ಜಾಗ ಐತಾ?"

ಅತ್ತೆ ನಗಲಿಲ್ಲ. ಅವಳ ಮುಖ ಗಟ್ಟಿಯಾಯಿತು. ಅವಳಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದೇ ಕಡಿಮೆ.

"ಹಂಗನ್ನಬ್ಯಾಡ. ಅದು ಮಾಲಿಗೆ ಅನ್ನೋ ಮಾತು. ಮನುಷ್ಯನ್ನ ಯಾರ್ಲಾ ಮಾರಾಕೆ ತಂದೋರು?"

"ಗೇಟು ಗೇಟಿಗೂ ಹೋಗಿ ನಿಂತಿದ್ದು ನಾನೇ ಅಲ್ವಾ ಅತ್ತೆ?"

"ನೀನು ದುಡಿಯಾಕೆ ಹೋಗಿದ್ದು. ಮಾರ್ಕೊಳ್ಳಾಕಲ್ಲ" ಎಂದು ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.

ಆಗ ಹೊಳೆಯಿತು. ಲೋಕವೆಲ್ಲ ಆ ಮಾತನ್ನು ಮನುಷ್ಯರಿಗೇ ಅನ್ನುವುದು. ಇವಳು ಸೀರೆಗೆ, ಕೊಳಗಕ್ಕೆ, ಸೌತೆಕಾಯಿಗೆ ಅಂದಿದ್ದಾಳೆ. ಮೋಸ ಮಾಡಿದ ವ್ಯಾಪಾರಿಗೆ ಕಳ್ಳ ಅಂದಿದ್ದಾಳೆ, ಮಾವನಿಗೆ ಮೊದ್ದು ಅಂದಿದ್ದಾಳೆ, ನನಗೆ ಏನೇನೋ ಅಂದಿದ್ದಾಳೆ. ಬಿಕ್ನಾಸಿ ಎಂದು ಮಾತ್ರ ಯಾರಿಗೂ, ಒಂದು ದಿನಕ್ಕೂ ಅಂದದ್ದಿಲ್ಲ.

ಕೆಲಸ ಆಮೇಲೆ ಸಿಕ್ಕಿತು. ರಾಯಕೋಟೆ ರಸ್ತೆಯಲ್ಲಿ ಟ್ರ್ಯಾಕ್ಟರು, ಟಿಲ್ಲರುಗಳನ್ನು ರಿಪೇರಿ ಮಾಡುವ ಸಣ್ಣ ಶೆಡ್ಡು. ಸಂಬಳ ಮೊದಲಿನಷ್ಟಿಲ್ಲ, ಕೈ ಮಸಿಯಾಗುತ್ತದೆ, ಮಧ್ಯಾಹ್ನ ನಿದ್ದೆ ಬರುತ್ತದೆ. ಆದರೆ ಅಲ್ಲಿಗೆ ಬರುವುದೆಲ್ಲ ಕೆಟ್ಟು ನಿಂತದ್ದೇ ಆದ್ದರಿಂದ ಯಾವುದನ್ನೂ ಬೇಡ ಎನ್ನುವ ಹಾಗಿಲ್ಲ. ಮಾಡಿ ಕಳಿಸಬೇಕು. ಹೇಗೋ ನಡೆಯುತ್ತಿದೆ.

ನಾನು ಹೇಳಬೇಕೆಂದಿದ್ದು ಅದನ್ನಲ್ಲ. ಮುದ್ದೆ ಬಡಿಸಿದ ಆ ದಿನ ಅತ್ತೆ ನನ್ನನ್ನು ವಾಪಸು ಕಳಿಸಲಿಲ್ಲ. ಉಳಿದುಕೊಂಡೆ. ಮಾರನೆಯ ಬೆಳಗ್ಗೆ ಹಿತ್ತಲಿನ ಒಲೆಯ ಮೇಲೆ ನೀರು ಕಾಯಲಿಟ್ಟು, ಕಲ್ಲಿನ ಮೇಲೆ ಕೂರು ಎಂದಳು. ಮಗಳು ಕಾಲೇಜಿಗೆ ಹೋಗುವ ಗಂಡಸಿಗೆ ಎಣ್ಣೆ ನೀರು ಹಾಕುವುದು ಎಲ್ಲಾದರೂ ಉಂಟೇ? ಬೇಡ ಎಂದೆ, ಮೇಷ್ಟರು ನೋಡುತ್ತಾರೆ ಎಂದೆ. ಮಾವ ಜಗಲಿಯಿಂದ, "ಸುಮ್ಕೆ ಕುತ್ಕೊಳಪ್ಪ, ನಂಗೂ ಬ್ಯಾಡ ಅಂದು ಅಂದು ಸಾಕಾಗೈತೆ" ಎಂದರು. ಪಂಚೆ ಎತ್ತಿ ಕಟ್ಟಿಕೊಂಡು ಕೂತೆ. ಅತ್ತೆ ಹರಳೆಣ್ಣೆಯನ್ನು ಅಂಗೈಗೆ ಸುರಿದುಕೊಂಡು ನೆತ್ತಿಗೆ ತಟ್ಟಿದಳು. ಗಂಟು ಗಂಟು ಬೆರಳುಗಳು, ಮೊದಲಿನ ಬಲವಿಲ್ಲ. ನೆತ್ತಿ, ಹಣೆ, ಕಿವಿಯ ಹಿಂದೆ, ಕತ್ತಿನ ಹಿಂದೆ, ಅವಸರವಿಲ್ಲದೆ ತಿಕ್ಕಿದಳು. ತಿಕ್ಕುತ್ತಾ, ಕೂದಲು ಉದುರಿದೆ ಎಂದಳು, ಕಣ್ಣಿಗೆ ನಿದ್ದೆಯಿಲ್ಲವೇ ಎಂದಳು. ಮೊದಲ ಚೊಂಬು ಬಿಸಿನೀರು ತಲೆಯ ಮೇಲೆ ಬಿತ್ತು. ಆ ತಿಂಗಳುಗಳಲ್ಲಿ ಗೇಟುಗಳ ಮುಂದೆ ನಿಂತದ್ದು, ನೀರು ಕುಡಿದು ಲೋಟ ವಾಪಸು ಕೊಟ್ಟದ್ದು, ಎಲ್ಲ ಎಲ್ಲಿತ್ತೋ, ಒಮ್ಮೆಗೇ ಬಂತು. ತಲೆ ತಗ್ಗಿಸಿದೆ. ಭುಜ ಅಲುಗುವುದನ್ನು ತಡೆಯಲಾಗಲಿಲ್ಲ.

ಅತ್ತೆಯ ಕೈ ಒಂದು ಗಳಿಗೆ ನಿಂತಿತು.

"ಸೀಗೆಪುಡಿ ಕಣ್ಣಿಗೆ ಹೋಯ್ತೇನ್ಲಾ?"

ಹೂಂ ಎಂದೆ.

"ಹೋಗ್ಲಿ ಬುಡು. ಎಲ್ಲಾ ಹೋಗೋ ಗಂಟ ನೀರು ಹಾಕ್ತೀನಿ" ಎಂದು ಇನ್ನೊಂದು ಚೊಂಬು ಹಾಕಿದಳು, ಆಮೇಲೆ ಮತ್ತೊಂದು.

ಸೀಗೆಪುಡಿಯ ಬಟ್ಟಲು ಅವಳ ಪಕ್ಕದಲ್ಲಿತ್ತು. ಅದನ್ನು ಅವಳಿನ್ನೂ ಕಲಸಿಯೇ ಇರಲಿಲ್ಲ.